ಅರ್ಧ ಕುಂಬಳಕಾಯಿ, ಮೂರು ಕಡ್ಡಿ, ಒಂದು ದಾಸವಾಳ

ಚಂದ್ರಾ ಲೇಔಟಿನ ಗಂಗಾಧರಯ್ಯನವರು ಐವತ್ತೊಂಬತ್ತು ವರ್ಷ ಯಾರ ಅನುಮಾನಕ್ಕೂ ಗುರಿಯಾಗದೆ ಬದುಕಿದ್ದರು. ಒಬ್ಬ ಮನುಷ್ಯನ ಮೇಲೆ ಅನುಮಾನ ಪಡಬೇಕಾದರೆ ಅವನು ಏನಾದರೂ ಮಾಡಬಲ್ಲ ಎಂಬ ನಂಬಿಕೆಯಾದರೂ ಇರಬೇಕಲ್ಲ, ಅದು ಅವರ ವಿಷಯದಲ್ಲಿ ಯಾರಿಗೂ ಇರಲಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ಸ್ ನೋಡಿಕೊಂಡು, ನಟ್ಟಿಗೆ ತಕ್ಕ ಬೋಲ್ಟು ಎಣಿಸಿ ಕೊಟ್ಟು ನಿವೃತ್ತರಾಗಿದ್ದರು. ಹೆಂಡತಿ ಯಶೋದಮ್ಮನ ತವರಿನಲ್ಲಂತೂ ಅವರ ಹೆಸರಿಗೆ ಮುಂಚೆ 'ಪಾಪ' ಎಂಬ ಮಾತು ತಾನಾಗಿ ಬಂದು ಕೂತುಬಿಡುತ್ತಿತ್ತು. "ಪಾಪ, ಗಂಗಾಧರಯ್ಯನೋರಿಗೆ ಇನ್ನೊಂದು ಹೋಳಿಗೆ ಹಾಕಿ." "ಪಾಪ, ಅವರನ್ನ ಯಾಕೆ ಕೇಳ್ತೀರ, ಪದ್ಮನಾಭ ಅವರನ್ನ ಕೇಳಿ."

ಪದ್ಮನಾಭ ಎಂದರೆ ಷಡ್ಡಕ, ಯಶೋದಮ್ಮನ ಅಕ್ಕನ ಗಂಡ. ರಾಜಾಜಿನಗರದಲ್ಲಿ ಮೂರಂತಸ್ತಿನ ಮನೆ, ತಾರಸಿಯ ತುಂಬ ಬೋನ್ಸಾಯ್ ಗಿಡಗಳು, ಅದರಲ್ಲೊಂದು ಗಿಡಕ್ಕೆ ಯಾವುದೋ ಪ್ರದರ್ಶನದಲ್ಲಿ ಎರಡನೆಯ ಬಹುಮಾನ. ದೇವರು ಮನುಷ್ಯನಿಗೆ ಯಾವ ಶಿಕ್ಷೆ ಬೇಕಾದರೂ ಕೊಡಲಿ, ಎಲ್ಲವೂ ಗೊತ್ತಿರುವ ಷಡ್ಡಕನನ್ನು ಮಾತ್ರ ಕೊಡಬಾರದು.

ಇವರಿಬ್ಬರೂ ನಂದಿನಿ ಲೇಔಟಿನಲ್ಲಿ ಬಂಧುಗಳ ಗೃಹಪ್ರವೇಶದ ಊಟಕ್ಕೆ ಅಕ್ಕಪಕ್ಕ ಕೂತಿದ್ದಾಗ ಈ ಅನಾಹುತ ಶುರುವಾಯಿತು. ಪದ್ಮನಾಭ ಎದುರಿನ ಮಂಟಪವನ್ನು ಮೇಲಿಂದ ಕೆಳಕ್ಕೆ ನೋಡಿ, "ಹೂವಿನ ಗೋಡೌನ್ ಮಾಡಿಟ್ಟಿದಾರೆ. ಅಲಂಕಾರ ಅಂದ್ರೆ ತುಂಬೋದಲ್ಲ. ಬಿಡಿ, ನಿಮಗೆ ಇದೆಲ್ಲ ತಿಳಿಯಲ್ಲ" ಎಂದರು.

ಗಂಗಾಧರಯ್ಯನವರ ಬಾಯಲ್ಲಿ ಅರ್ಧ ಹೋಳಿಗೆ ಇತ್ತು. ಅದನ್ನು ನುಂಗಿ ಸುಮ್ಮನಿದ್ದಿದ್ದರೆ ಎಷ್ಟೋ ಜನ ನೆಮ್ಮದಿಯಾಗಿರುತ್ತಿದ್ದರು. ಆದರೆ ಕ್ಷೌರದಂಗಡಿಯಲ್ಲಿ ಓದಿದ್ದ ಯಾವುದೋ ಹಳೆಯ ಪತ್ರಿಕೆಯ ಪುಟ ಅವರ ತಲೆಯಲ್ಲಿ ಎದ್ದು ಕೂತಿತು. "ತಿಳಿಯತ್ತೆ. ನಾನೂ ಹೂವು ಜೋಡಿಸ್ತೀನಲ್ಲ. ಜಪಾನಿ ಪದ್ಧತೀಲಿ."

ಸಾರು ಬಡಿಸುತ್ತಿದ್ದವನು ಸೌಟು ಎತ್ತಿಕೊಂಡೇ ನಿಂತ.

"ಎಷ್ಟು ದಿನದಿಂದ?" ಎಂದರು ಪದ್ಮನಾಭ.

"ಆಯ್ತು, ನಾಲ್ಕೈದು ವರ್ಷ."

"ನಿಮ್ಮನೇಲಿ ಯಾವತ್ತೂ ನೋಡಿಲ್ವಲ್ಲ?"

"ಬಾಡೋಗತ್ತಲ್ಲ."

ಪದ್ಮನಾಭ ನಕ್ಕರು. ಆ ನಗು ಗಂಗಾಧರಯ್ಯನವರಿಗೆ ಮೂವತ್ತು ವರ್ಷದಿಂದ ಗೊತ್ತು. "ಹಾಗಾದ್ರೆ ಮುಂದಿನ ತಿಂಗಳು ನನ್ನ ಅರವತ್ತರ ಶಾಂತಿ ಇದೆ. ವೇದಿಕೆ ಮೇಲೆ ಮಧ್ಯದ ಟೇಬಲ್ ನಿಮ್ಮದು. ಇನ್ನೂರು ಜನ ಬರ್ತಾರೆ. ಚೆನ್ನಾಗಿದ್ರೆ ಮೈಕಲ್ಲಿ ನಾನೇ ಹೇಳ್ತೀನಿ. ಚೆನ್ನಾಗಿಲ್ದೆ ಇದ್ರೂ ಮೈಕಲ್ಲೇ ಹೇಳ್ತೀನಿ."

ಲೆಕ್ಕ ಹಾಕಿದರೆ ಇಪ್ಪತ್ತಮೂರು ದಿನ ಉಳಿದಿತ್ತು. ಗಂಗಾಧರಯ್ಯನವರು ಅದುವರೆಗೆ ಹೂವಿಗೆ ಸಂಬಂಧಪಟ್ಟಂತೆ ಮಾಡಿದ್ದ ಕೆಲಸವೆಂದರೆ ಮಾರಿನ ಲೆಕ್ಕದಲ್ಲಿ ಕೊಂಡು ತಂದದ್ದು. ಒಮ್ಮೆಯಾದರೂ, ಒಂದೇ ಒಂದು ಸಲ, ಆ ಷಡ್ಡಕನ ಬಾಯಲ್ಲಿ "ಚೆನ್ನಾಗಿದೆ" ಎಂಬ ಮಾತು ಕೇಳಿಸಿಕೊಂಡು ಸಾಯಬೇಕು ಎಂದು ಅವರ ಹೊಟ್ಟೆಯೊಳಗೆ ಒಂದು ಹಟ ಹುಟ್ಟಿಕೊಂಡಿತು.

ಸಂಜೆಗೆ ಯಶೋದಮ್ಮನ ವಿಚಾರಣೆ ಶುರುವಾಯಿತು. ಅಕ್ಕ ಫೋನು ಮಾಡಿ ಆಗಿತ್ತು.

"ನಾಲ್ಕೈದು ವರ್ಷದಿಂದ ಹೂವು ಜೋಡಿಸ್ತಾ ಇದೀರಂತೆ. ಎಲ್ಲಿ? ಯಾರ ಮನೇಲಿ?"

"ಫ್ಯಾಕ್ಟರೀಲಿ ಕಣೇ. ಸ್ಟೋರ್ಸಲ್ಲಿ."

"ನಟ್ಟು ಬೋಲ್ಟಿಗೆ ಹೂವು ಮುಡಿಸ್ತಿದ್ರಾ?"

ನಿಜ ಹೇಳಿಬಿಡೋಣ ಎಂದು ಗಂಗಾಧರಯ್ಯನವರಿಗೆ ಅನ್ನಿಸದೇ ಇರಲಿಲ್ಲ. ಆದರೆ ಯಶೋದಮ್ಮನಿಗೆ ಒಂಬತ್ತು ಗಂಟೆಗೆ ಹೇಳಿದ ಮಾತು ಒಂಬತ್ತೂ ಹತ್ತಕ್ಕೆ ರಾಜಾಜಿನಗರ ತಲುಪುತ್ತಿತ್ತು. ಆದ್ದರಿಂದ ಅವರು ಮಾರನೆಯ ದಿನ "ವಾಕಿಂಗು" ಎಂದು ಹೇಳಿ, ಬಸವೇಶ್ವರನಗರದ ಬೇಕರಿಯೊಂದರ ಮಹಡಿಯ ಮೇಲಿದ್ದ ಹೂವು ಜೋಡಿಸುವ ತರಗತಿಗೆ ಸೇರಿಕೊಂಡರು. ಅಲ್ಲಿ ಏಳು ಜನ ಹೆಂಗಸರಿದ್ದರು. ಒಬ್ಬರು, "ಮಗಳನ್ನ ಸೇರಿಸೋಕೆ ಬಂದ್ರಾ ಅಂಕಲ್?" ಎಂದು ಕೇಳಿದರು. ಇಲ್ಲ, ನನ್ನನ್ನೇ ಎಂದಾಗ ಆಕೆ ತನ್ನ ಹ್ಯಾಂಡ್‌ಬ್ಯಾಗನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಇಟ್ಟುಕೊಂಡರು.

ಕಲಿಸುವವಳು ರಮ್ಯ ಎಂಬ ಹುಡುಗಿ, ಮೂವತ್ತರೊಳಗಿನ ವಯಸ್ಸು. ಅವಳ ಪಾಠ ಬಹಳ ಸರಳವಾಗಿತ್ತು, ಅದಕ್ಕೇ ಯಾರಿಗೂ ಬರುತ್ತಿರಲಿಲ್ಲ. ಮೂರು ಕಡ್ಡಿ: ಒಂದು ಎತ್ತರ, ಒಂದು ನಡು, ಒಂದು ಗಿಡ್ಡ. ಹೂವು ಒಂದೇ ಸಾಕು. ಒಣಗಿದ ಕೊಂಬೆ ಬಾಗಿದ್ದರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ನಡುವೆ ಖಾಲಿ ಜಾಗ ಇರಬೇಕು. ಒಂದು ಕಣ್ಣು ಮುಚ್ಚಿಕೊಂಡು ಆ ಖಾಲಿ ಜಾಗವನ್ನೇ ನೋಡಬೇಕು.

ಗಂಗಾಧರಯ್ಯನವರು ಮೊದಲ ದಿನ ಮಾಡಿದ್ದನ್ನು ನೋಡಿ ರಮ್ಯ, "ಅಂಕಲ್, ಖಾಲಿ ಜಾಗ ಎಲ್ಲಿ?" ಎಂದಳು. ಪಾಪದ ಮನುಷ್ಯ, ಮೂವತ್ತನಾಲ್ಕು ವರ್ಷ ಕಪಾಟಿನಲ್ಲಿ ಖಾಲಿ ಜಾಗ ಇಲ್ಲದ ಹಾಗೆ ನೋಡಿಕೊಂಡಿದ್ದಕ್ಕೇ ಸಂಬಳ ತೆಗೆದುಕೊಂಡವರು. ಎರಡನೆಯ ವಾರಕ್ಕೆ ಸ್ವಲ್ಪ ಹಿಡಿತ ಬಂತು. ಆದರೆ ಕಡ್ಡಿ ನಿಲ್ಲಿಸುವ ಹಿತ್ತಾಳೆಯ ಮುಳ್ಳುಬಿಲ್ಲೆ ತರಗತಿಯಲ್ಲಿ ಮಾತ್ರ ಸಿಗುತ್ತಿತ್ತು. "ಮನೇಲಿ ಅರ್ಧ ಆಲೂಗಡ್ಡೆಗೆ ಚುಚ್ಚಿ ಪ್ರಾಕ್ಟೀಸ್ ಮಾಡಿ" ಎಂದಳು ರಮ್ಯ.

ಆಲೂಗಡ್ಡೆ ಉರುಳಿತು. ಅಡುಗೆಮನೆಯಲ್ಲಿ ಅದಕ್ಕಿಂತ ಗಟ್ಟಿಮುಟ್ಟಾದದ್ದು ಏನಿದೆ ಎಂದು ಹುಡುಕಿದಾಗ ಕಂಡದ್ದು, ದೃಷ್ಟಿಗೆಂದು ಬಾಗಿಲಿಗೆ ಕಟ್ಟಲು ಯಶೋದಮ್ಮ ತಂದಿಟ್ಟಿದ್ದ ಬೂದುಗುಂಬಳಕಾಯಿ. ಗಂಗಾಧರಯ್ಯನವರು ಅದನ್ನು ಎರಡು ಹೋಳು ಮಾಡಿ, ಒಂದನ್ನು ತಾರಸಿಗೆ ಸಾಗಿಸಿದರು. ಕಡ್ಡಿ ಅಲ್ಲಾಡದಿರಲೆಂದು ಸುತ್ತ ಹನ್ನೆರಡು ಗುಂಡುಸೂಜಿ ಚುಚ್ಚಿದರು. ಬುಡ ಬರಿದಾಗಿ ಕಾಣಬಾರದು, ಹೂವಿನ ಬಣ್ಣಕ್ಕೆ ಹೊಂದಬೇಕು ಎಂದು ರಮ್ಯ ಹೇಳಿದ್ದಳು. ಹೂವು ಕೆಂಪು ದಾಸವಾಳ. ಅದಕ್ಕೆ ಹೊಂದಲಿ ಎಂದು ಕುಂಬಳಕಾಯಿಗೆ ಕುಂಕುಮ ಬಳಿದರು.

ಇದೇ ಊರಿನಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಇದು ಏನಾಗಿ ಕಾಣುತ್ತದೆ ಎಂದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ. ಹೊಸದಾಗಿ ಕಲಿಯುವವನಿಗೆ ತಾನು ಮಾಡಿದ್ದು ಗುರುಗಳಿಗೆ ಹೇಗೆ ಕಾಣುತ್ತದೆ ಎಂಬುದೊಂದೇ ಚಿಂತೆ, ಉಳಿದ ಪ್ರಪಂಚ ಅವನ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಬಾಗಿದ ಒಣ ಕೊಂಬೆ ಬೇಕಾಗಿತ್ತು. ಪಕ್ಕದ ಮನೆಯ ಶಂಭುಲಿಂಗಪ್ಪನವರ ನುಗ್ಗೆಮರ ಇವರ ತಾರಸಿಗೆ ಚಾಚಿಕೊಂಡಿತ್ತು. ಬೆಳಗ್ಗೆ ಐದೂವರೆಗೆ, ತಲೆಗೆ ನೀರು ಹಾಕಿಕೊಂಡು, ಮೈಮೇಲೆ ಬರೀ ಟವೆಲ್ಲು ಹೊದ್ದು ತಾರಸಿಗೆ ಹೋದ ಗಂಗಾಧರಯ್ಯನವರು ಆ ಮರದ ಒಂದು ಕೊಂಬೆ ಕತ್ತರಿಸಿಕೊಂಡರು. ಅದನ್ನು ಕುಂಬಳಕಾಯಿಗೆ ಚುಚ್ಚಿ, ದಾರದಲ್ಲಿ ಅಳತೆ ಹಿಡಿದು, "ಮೇಲು, ನಡು, ಕೆಳಗು" ಎಂದು ಬಾಯಲ್ಲೇ ಹೇಳಿಕೊಳ್ಳುತ್ತ, ಒಂದು ಕಣ್ಣು ಮುಚ್ಚಿ ಖಾಲಿ ಜಾಗವನ್ನು ದಿಟ್ಟಿಸುತ್ತ ಕೂತರು. ಅವತ್ತು ಅಮಾವಾಸ್ಯೆ.

ಪೂಜೆಗೆ ಪತ್ರೆ ಬಿಡಿಸಲು ತಮ್ಮ ತಾರಸಿಗೆ ಬಂದಿದ್ದ ಶಂಭುಲಿಂಗಪ್ಪನವರ ಹೆಂಡತಿ ಜಗದಾಂಬಾ ಇದನ್ನು ಪೂರ್ತಿ ನೋಡಿದರು. ಪತ್ರೆ ಬಿಡಿಸದೆ ಕೆಳಗಿಳಿದರು.

ಶಂಭುಲಿಂಗಪ್ಪ ದಾವಣಗೆರೆ ಕಡೆಯವರು, ಖಜಾನೆ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಮೂರು ದಾಖಲೆ ಇಲ್ಲದೆ ಯಾವುದಕ್ಕೂ ಸಹಿ ಹಾಕಿದವರಲ್ಲ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, "ನಾನು ಇದನ್ನೆಲ್ಲ ನಂಬಾವಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾವ ಕಡೆ ಮಾರಿ ಮಾಡಿ ಇಟ್ಟಿದ್ದ?" ಎಂದು ಕೇಳಿದರು.

"ನಮ್ ಮನಿ ಕಡೇನ ರೀ. ಕೊಂಬಿನೂ ನಮ್ ಗಿಡದ್ದ."

ಅದು ಎರಡು ದಾಖಲೆಯಾಯಿತು. ಮೂರನೆಯದನ್ನು ಸ್ವತಃ ಯಶೋದಮ್ಮ ಕಾಂಪೌಂಡಿನ ಬಳಿ ತಂದು ಒಪ್ಪಿಸಿದರು. "ನೋಡಿ ಜಗದಾಂಬಾ ಅವರೇ, ನಮ್ಮನೆಯವರದ್ದು ಏನೋ ಒಂಥರಾ ಆಗಿದೆ. ಕುಂಬಳಕಾಯಿ ಅರ್ಧ ಎಲ್ಲೋಯ್ತು ಅಂದ್ರೆ ಜ್ಯೂಸ್ ಮಾಡ್ಕೊಂಡು ಕುಡಿದೆ ಅಂತಾರೆ. ಮಿಕ್ಸಿ ಒಣಗಿದೆ. ವಾಕಿಂಗ್ ಅಂತ ಎರಡೆರಡು ಗಂಟೆ ಹೋಗ್ತಾರೆ, ಕೈಯೆಲ್ಲ ಗೀರಿಸ್ಕೊಂಡು ಬರ್ತಾರೆ. ಮೊನ್ನೆ ಜೇಬಲ್ಲಿ ಸೂಜಿ ಸಿಕ್ತು."

ಯಶೋದಮ್ಮನ ಅನುಮಾನ ಬೇರೆ ದಿಕ್ಕಿನದು, ಯಾವುದೋ ಮನೆಯಲ್ಲಿ ಯಾವುದೋ ಹೆಂಗಸಿಗೆ ಹೂವು ಜೋಡಿಸಲಾಗುತ್ತಿದೆ ಎಂಬುದು. ಜಗದಾಂಬಾ ಅವರಿಗೆ ಮಾತ್ರ ಸೂಜಿ ಎಂಬ ಮಾತಿನಿಂದ ಆಚೆಗೆ ಏನೂ ಕೇಳಿಸಲಿಲ್ಲ.

ಆಮೇಲೆ ಆ ಮನೆಯಲ್ಲಿ ಆದದ್ದಕ್ಕೆಲ್ಲ ಕಾರಣ ಹುಡುಕುವ ಶ್ರಮವೇ ತಪ್ಪಿತು. ನೀರಿನ ಮೋಟಾರು ಸುಟ್ಟಿತು. ಸ್ಕೂಟರು ಮೂರು ಸಲ ಒದ್ದರೂ ಶುರುವಾಗಲಿಲ್ಲ. ಹನ್ನೆರಡು ವರ್ಷದಿಂದ ನೋಯುತ್ತಿದ್ದ ಜಗದಾಂಬಾ ಅವರ ಮಂಡಿ, ಅಮಾವಾಸ್ಯೆಯಿಂದ ಈಚೆಗೆ ನೋಯತೊಡಗಿದೆ ಎಂದಾಯಿತು. ಶಂಭುಲಿಂಗಪ್ಪನವರಿಗೆ ಬಿಕ್ಕಳಿಕೆ ಹಿಡಿದು ಎರಡು ದಿನ ಬಿಡಲಿಲ್ಲ. "ನಾನು ಇದನ್ನ," ಬಿಕ್ಕು, "ನಂಬಾವಲ್ಲ" ಎಂದು ಅವರು ಹೇಳುತ್ತಲೇ ಇದ್ದರು.

ಪಕ್ಕದ ಮನೆಯವರಿಗೆ ಹುಷಾರಿಲ್ಲ ಎಂಬ ಸುದ್ದಿ ಗಂಗಾಧರಯ್ಯನವರ ಕಿವಿಗೂ ಬಿತ್ತು. ಇಪ್ಪತ್ತೆರಡು ವರ್ಷದ ನೆರೆಹೊರೆ, ಮನಸ್ಸು ಕರಗಿತು. ಹಿಂದಿನ ದಿನವಷ್ಟೇ ಅವರ ಕೈಯಲ್ಲಿ ಮೊದಲ ಬಾರಿಗೆ ಮೂರು ಕಡ್ಡಿ ಹೇಳಿದಂತೆ ನಿಂತಿದ್ದವು. ರೋಗಿಗೆ ಹೂವು ಕೊಡುವುದು ಪರದೇಶಗಳಲ್ಲಿ ಪದ್ಧತಿ ಎಂದೂ ರಮ್ಯ ಹೇಳಿದ್ದಳು. ಹೆಸರು ಹಾಕಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಗುರುವಾರ ಬೆಳಗ್ಗೆ ಬೆಳಕು ಹರಿಯುವ ಮುಂಚೆ, ಅರ್ಧ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಶಂಭುಲಿಂಗಪ್ಪನವರ ಗೇಟಿನ ಮುಂದೆ, ಮನೆಯವರಿಗೆ ಎದುರಾಗಿ ಕಾಣುವಂತೆ ಇಟ್ಟು, ಬೇಗ ಗುಣವಾಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬಂದರು.

ಜಗದಾಂಬಾ ರಂಗೋಲಿ ಹಾಕಲು ಗೇಟು ತೆಗೆದರು. ಅವರ ಕೂಗು ಎರಡು ಕ್ರಾಸ್ ಆಚೆಗಿನ ಹಾಲಿನ ಬೂತಿಗೆ ಕೇಳಿಸಿತಂತೆ. ಶಂಭುಲಿಂಗಪ್ಪನವರ ಬಿಕ್ಕಳಿಕೆ ಆ ಕೂಗಿಗೆ ತಟ್ಟನೆ ನಿಂತುಹೋಯಿತು, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಏಳು ಗಂಟೆಗೆ ರಸ್ತೆ ತುಂಬಿತು. ಬಂದವರೆಲ್ಲ ಮೊದಲು, "ನಾನು ಇದನ್ನೆಲ್ಲ ನಂಬಲ್ಲ" ಎಂದು ಹೇಳಿ, ಆಮೇಲೆ ಹತ್ತು ಅಡಿ ದೂರ ನಿಲ್ಲುತ್ತಿದ್ದರು. ಮೆಡಿಕಲ್ ಸ್ಟೋರಿನವನು ಗುಂಡುಸೂಜಿ ಎಣಿಸಿ, "ಹನ್ನೆರಡಿದೆ, ವರ್ಷ ಪೂರ್ತಿ ಕಾಡ್ಲಿ ಅಂತ ಇಟ್ಟಿದಾರೆ" ಎಂದ. ಕಸದ ಗಾಡಿ ಬಂತು. ಪೌರಕಾರ್ಮಿಕ ಅಂಜಮ್ಮನಿಗೆ ಇದನ್ನು ಎತ್ತಿಕೊಂಡು ಹೋಗು ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು.

ಅಂಜಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ಹಸಿ ಕಸ ಕೊಡಿ, ತಗೊಳ್ತೀನಿ. ಒಣ ಕಸ ಕೊಡಿ, ತಗೊಳ್ತೀನಿ. ಇದು ಎರಡೂ ಅಲ್ಲ. ಇದಕ್ಕೆ ನಮ್ಮ ಗಾಡೀಲಿ ಡಬ್ಬ ಇಲ್ಲ ಸಾರ್."

ಯಾರೋ ಪೊಲೀಸರಿಗೆ ಫೋನು ಮಾಡಿದರು. ಹೆಡ್ ಕಾನ್‌ಸ್ಟೆಬಲ್ ಗಿರಿರಾಜ್ ಬೈಕನ್ನು ಮೂರು ಮನೆ ಆಚೆಗೇ ನಿಲ್ಲಿಸಿ, ನಡೆದುಕೊಂಡು ಬಂದರು. ತಾವೂ ಇದನ್ನೆಲ್ಲ ನಂಬುವುದಿಲ್ಲ ಎಂದು ತಿಳಿಸಿ, ಪುಸ್ತಕ ತೆಗೆದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು: "ಅರ್ಧ ಕುಂಬಳಕಾಯಿ, ಒಂದು. ಕಡ್ಡಿ, ಮೂರು. ದಾಸವಾಳ, ಒಂದು. ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಐತಿ" ಎಂದರು ಶಂಭುಲಿಂಗಪ್ಪ. "ದಾಖಲೇನೂ ಅದಾವ. ಆದ್ರ ಹೆಸರು ಹೇಳಂಗಿಲ್ಲ, ನಾನು ಇದನ್ನ ನಂಬಾವಲ್ಲ."

"ಸರಿ. ಈ ವಸ್ತುನ ಸ್ಟೇಷನ್ನಿಗೆ ತರೋರು ಯಾರು?"

ಎಲ್ಲರೂ ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಗಿರಿರಾಜ್ ಒಂದು ನಿಮಿಷ ಕಾದು, "ವಸ್ತುವನ್ನು ಸ್ಥಳದಲ್ಲೇ ಬಿಡಲಾಗಿದೆ" ಎಂದು ಬರೆದು ಪುಸ್ತಕ ಮುಚ್ಚಿದರು.

ಈ ಗುಂಪಿನ ಹಿಂದೆ ಗಂಗಾಧರಯ್ಯನವರು ಬೆವರುತ್ತ ನಿಂತಿದ್ದರು. ನನ್ನದು ಎನ್ನುವ ಹಾಗಿಲ್ಲ, ಮನೆಗೆ ಹೋಗುವ ಹಾಗೂ ಇಲ್ಲ. ಅದಕ್ಕಿಂತ ಹೆಚ್ಚಿನ ಸಂಕಟ ಇನ್ನೊಂದಿತ್ತು. ಇಷ್ಟು ಜನ ಸೇರಿದ್ದಾರೆ, ಸೂಜಿ ಎಣಿಸುತ್ತಾರೆ, ಕುಂಕುಮ ನೋಡುತ್ತಾರೆ, ಒಬ್ಬರಾದರೂ ಆ ನಡುವಿನ ಖಾಲಿ ಜಾಗವನ್ನು ನೋಡುತ್ತಿಲ್ಲ. ಮೇಲಾಗಿ ಬಿಸಿಲಿಗೆ ನಡುವಿನ ಕಡ್ಡಿ ಎಡಕ್ಕೆ ವಾಲತೊಡಗಿತ್ತು. ಅವರು ತಡೆದುಕೊಂಡರು. ಇನ್ನೂ ಒಂದು ಅಂಗುಲ ವಾಲಿತು. ಮೂವತ್ತನಾಲ್ಕು ವರ್ಷ ಸ್ಟೋರ್ಸಿನಲ್ಲಿ ಒಂದು ಡಬ್ಬಿಯನ್ನೂ ಸೊಟ್ಟಗೆ ಬಿಡದ ಕೈ ಅದು, ಎಷ್ಟು ಹೊತ್ತು ಸುಮ್ಮನಿದ್ದೀತು. ಜನರನ್ನು ಸರಿಸಿಕೊಂಡು ಮುಂದೆ ಬಂದು, ಕುಕ್ಕರುಗಾಲಿನಲ್ಲಿ ಕೂತು, ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿ, ಎದ್ದು ನಿಂತರು.

ಮುಂದೆ ನಿಂತಿದ್ದವರು ಪಕ್ಕದವರ ತೋಳು ಹಿಡಿದುಕೊಂಡರು.

"ಬರಿಗೈಲಿ ಮುಟ್ಟಿದ್ರು" ಎಂದ ಮೆಡಿಕಲ್ ಸ್ಟೋರಿನವನು, ಪಿಸುಮಾತಿನಲ್ಲಿ. "ಏನೂ ಆಗ್ಲಿಲ್ಲ."

ಹನ್ನೊಂದು ಗಂಟೆಗೆ ಕೆಂಗೇರಿಯಿಂದ ಮುನಿಯಪ್ಪ ಬಂದ. ಮಾಟ ತೆಗೆಯುವುದರಲ್ಲಿ ಆ ಕಡೆಗೆಲ್ಲ ಹೆಸರಾದವನು. ನಂಬದಿದ್ದ ಶಂಭುಲಿಂಗಪ್ಪನವರೇ ಅವನಿಗೆ ಆಟೋ ಕಳಿಸಿದ್ದರು. ಬಿಳಿ ಪಂಚೆ, ಹಣೆಯ ತುಂಬ ಕುಂಕುಮ, ಬಗಲಲ್ಲಿ ಬಟ್ಟೆಯ ಚೀಲ. ಎಲ್ಲರನ್ನೂ ದೂರ ನಿಲ್ಲಿಸಿ, ಕುಂಬಳಕಾಯಿಯ ಸುತ್ತ ಮೂರು ಸುತ್ತು ಬಂದ. ನಿಂತ. ತಲೆಯನ್ನು ಒಂದು ಕಡೆ ವಾಲಿಸಿ ನೋಡಿದ. ಮಂತ್ರವೂ ಇಲ್ಲ, ನಿಂಬೆಹಣ್ಣೂ ಇಲ್ಲ. ಬಹಳ ಹೊತ್ತಾದ ಮೇಲೆ ಕೇಳಿದ: "ಇದನ್ನ ಯಾರು ಇಕ್ಕಿದ್ದು?"

ಎಲ್ಲರ ಕಣ್ಣೂ ಒಂದೇ ಕಡೆ ಹೋದವು. ಮುನಿಯಪ್ಪ ಗಂಗಾಧರಯ್ಯನವರ ತೋಳು ಹಿಡಿದು ನುಗ್ಗೆಮರದ ಬುಡಕ್ಕೆ ಕರೆದುಕೊಂಡು ಹೋದ.

"ಸ್ವಾಮಿ, ಆ ಉದ್ದನೆ ಕಡ್ಡಿ ವಾಲೈತೆ, ಆದ್ರೆ ಬೀಳ್ತಾ ಇಲ್ಲ. ನಾನು ನಲವತ್ತು ವರ್ಸದಿಂದ ಈ ಕಸುಬು ಮಾಡ್ತಿವ್ನಿ. ನಾನು ಚುಚ್ಚಿದ್ ಕಡ್ಡಿ ಒಂದು ಗಳಿಗೆ ನಿಂತಿಲ್ಲ. ಹೆಂಗೆ ನಿಲ್ಸಿದ್ರಿ?"

ಇಪ್ಪತ್ತು ದಿನದಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದ ವಿದ್ಯೆ ಗಂಗಾಧರಯ್ಯನವರ ಬಾಯಿಂದ ಹೊರಗೆ ಬಂತು. "ಬುಡನ ಓರೆಯಾಗಿ ಕತ್ತರಿಸ್ಬೇಕು. ಮೊದ್ಲು ನೆಟ್ಟಗೆ ಚುಚ್ಚಬೇಕು, ಆಮೇಲೆ ನಿಧಾನವಾಗಿ ವಾಲಿಸ್ಬೇಕು. ವಾಲಿಸ್ಕೊಂಡು ಚುಚ್ಚಿದ್ರೆ ಬಿದ್ದೋಗತ್ತೆ. ಇದು ಮಾಟ ಅಲ್ಲಪ್ಪ. ಕ್ಲಾಸಿಗೆ ಹೋಗ್ತಾ ಇದೀನಿ, ಬಸವೇಶ್ವರನಗರಕ್ಕೆ."

"ಗೊತ್ತಾಯ್ತು ಬಿಡಿ. ಮಾಟದಲ್ಲಿ ಇಷ್ಟು ನಾಜೂಕು ಯಾರು ಮಾಡ್ತಾರೆ" ಎಂದ ಮುನಿಯಪ್ಪ. ಇನ್ನೊಮ್ಮೆ ತಿರುಗಿ ನೋಡಿ, "ಬೋ ಚೆನ್ನಾಗೈತೆ ಸ್ವಾಮಿ" ಎಂದ.

ಗಂಗಾಧರಯ್ಯನವರ ಕಣ್ಣು ತುಂಬಿಕೊಂಡಿತು. ಅವರು ಮುನಿಯಪ್ಪನ ಎರಡೂ ಕೈ ಹಿಡಿದುಕೊಂಡರು. ಮುನಿಯಪ್ಪ ಸಂಕೋಚದಿಂದ ಬಗ್ಗಿ ನಮಸ್ಕಾರ ಮಾಡಿದ. ಟೀಚರಮ್ಮನ ನಂಬರನ್ನೂ ಬರೆದುಕೊಂಡ.

ದೂರದಲ್ಲಿದ್ದ ಜನಕ್ಕೆ ಮಾತು ಕೇಳಿಸಲಿಲ್ಲ. ಕೆಂಗೇರಿ ಮುನಿಯಪ್ಪ ಬಗ್ಗಿದ್ದು ಮಾತ್ರ ಕಾಣಿಸಿತು.

ಮುನಿಯಪ್ಪ ಬಂದು ಗಟ್ಟಿಯಾಗಿ ಹೇಳಿದ: "ಇದು ಮಾಟ ಅಲ್ಲ. ಹೂವು ಜೋಡ್ಸಿರೋದು. ಜಪಾನ್ ದೇಸದ್ದು." ಇಷ್ಟು ಹೇಳಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟುಹೋದ. ಅವನಿಗೆ ಕಾಫಿ ಕುಡಿದರೆ ಎದೆಯುರಿ ಬರುತ್ತಿತ್ತು, ಅಷ್ಟೇ ಕಾರಣ. ಆದರೆ ಕಾಫಿ ಮುಟ್ಟದೆ ಹೋದ ಮಾಂತ್ರಿಕನನ್ನು ಆ ರಸ್ತೆ ಹಿಂದೆ ಕಂಡಿರಲಿಲ್ಲ.

"ಜಪಾನಿಂದಂತೆ" ಎಂದರು ಒಬ್ಬರು. ಇಲ್ಲಿನದಾದರೆ ಇಲ್ಲೇ ಎಲ್ಲೋ ಪರಿಹಾರ ಸಿಗುತ್ತದೆ, ಜಪಾನಿನದಕ್ಕೆ ಎಲ್ಲಿಗೆ ಹೋಗುವುದು ಎಂಬುದು ಆ ದಿನವೆಲ್ಲ ಚರ್ಚೆಯ ವಿಷಯವಾಯಿತು. ಸಂಜೆಯ ಹೊತ್ತಿಗೆ ಮುನಿಯಪ್ಪ ಕಾಲಿಗೆ ಬಿದ್ದ ಎಂದಾಗಿತ್ತು. ರಾತ್ರಿ ಊಟದ ಹೊತ್ತಿಗೆ ಕಾಲಿಗೆ ಬಿದ್ದು ಶಿಷ್ಯನಾದ ಎಂದಾಗಿತ್ತು.

ಮಾರನೆಯ ದಿನದಿಂದ ಗಂಗಾಧರಯ್ಯನವರಿಗೆ ಜೀವನವೇ ಬೇರೆಯಾಗಿ ಕಂಡಿತು. ತರಕಾರಿ ಗಾಡಿಯವನು ಕೇಳದೆ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದ. ಎರಡು ವರ್ಷದ ಹಿಂದೆ ಯಾರೋ ಕೇಳಿಕೊಂಡು ಹೋಗಿ ಮರಳಿಸದಿದ್ದ ಏಣಿ ತಾನಾಗಿ ಬಂದು ಇವರ ಗೋಡೆಗೆ ಒರಗಿ ನಿಂತಿತ್ತು. ಶಂಭುಲಿಂಗಪ್ಪನವರು ನುಗ್ಗೆಮರವನ್ನು ಗೋಡೆಯ ಮಟ್ಟಕ್ಕೆ ಕಡಿಸಿಹಾಕಿ, ಒಂದು ಎಲೆಯೂ ಈ ಕಡೆ ಬೀಳದಂತೆ ನೋಡಿಕೊಂಡರು.

ಯಶೋದಮ್ಮ ಗಂಡನನ್ನು ಅಡುಗೆಮನೆಯಲ್ಲಿ ಕೂರಿಸಿ ಕೇಳಿದರು. "ನಿಜ ಹೇಳಿ. ಮಾಟ ಮಾಡ್ತಿದೀರಾ, ಇಲ್ಲ ಇನ್ಯಾರದ್ದಾದ್ರೂ ಸಹವಾಸನಾ?"

ಗಂಗಾಧರಯ್ಯನವರು ಎಲ್ಲವನ್ನೂ ಹೇಳಿದರು. ಗೃಹಪ್ರವೇಶ, ಹೋಳಿಗೆ, ಬೇಕರಿ ಮಹಡಿ, ರಮ್ಯ, ಏಳು ಜನ ಹೆಂಗಸರು. ಯಶೋದಮ್ಮ ಪೂರ್ತಿ ಕೇಳಿಸಿಕೊಂಡು, "ನೀವು? ಹೂವಿನ ಕ್ಲಾಸಿಗೆ?" ಎಂದರು. "ಇದನ್ನ ಯಾರೂ ನಂಬಲ್ಲ ಕಣ್ರೀ. ಮಾಟ ಅಂದ್ರೆ ನಾಲ್ಕು ಜನ ನಂಬ್ತಾರೆ." ಆದರೂ ಹೆಂಡತಿಯ ಕರ್ತವ್ಯವೆಂದು ಅಕ್ಕನಿಗೆ ಫೋನು ಮಾಡಿ ನಿಜ ಹೇಳಿದರು. ಅಕ್ಕ ಆ ಕಡೆಯಿಂದ ಬಹಳ ಮರ್ಯಾದೆಯ ದನಿಯಲ್ಲಿ, "ಆಯ್ತಮ್ಮ, ನೀನು ಹಾಗೇ ಹೇಳ್ಬೇಕು, ನಮಗೆ ಅರ್ಥ ಆಗತ್ತೆ" ಎಂದರಂತೆ. ಸುದ್ದಿ ಅವರಿಗಿಂತ ಮುಂಚೆ ರಾಜಾಜಿನಗರಕ್ಕೆ ಹೋಗಿತ್ತು.

ಪದ್ಮನಾಭರ ಶಾಂತಿಯ ಭಾನುವಾರ ಬಂತು. ರಾಜಾಜಿನಗರದ ಕಲ್ಯಾಣ ಮಂಟಪಕ್ಕೆ ಗಂಗಾಧರಯ್ಯನವರು ಬೆಳಗ್ಗೆ ಆರಕ್ಕೇ ಹೋದರು. ಈ ಸಲ ಕುಂಬಳಕಾಯಿ ಇಲ್ಲ, ಕುಂಕುಮ ಇಲ್ಲ. ರಮ್ಯ ತನ್ನ ಸ್ವಂತ ಮುಳ್ಳುಬಿಲ್ಲೆಯನ್ನು ಕೊಟ್ಟಿದ್ದಳು. ಕಪ್ಪು ಮಣ್ಣಿನ ತಟ್ಟೆ, ಅದರಲ್ಲಿ ಒಂದಿಷ್ಟು ನೀರು, ಸಂಪಿಗೆಯ ಬಾಗಿದ ಕೊಂಬೆ, ಎರಡು ಎಳೆಯ ಕಡ್ಡಿ, ಬುಡದಲ್ಲಿ ಅರಳಲೋ ಬೇಡವೋ ಎನ್ನುತ್ತಿದ್ದ ಒಂದು ಬಿಳಿ ತಾವರೆ ಮೊಗ್ಗು. ಎರಡು ಗಂಟೆ ಕೂತು ಜೋಡಿಸಿದರು. ಎದ್ದು ದೂರ ನಿಂತು ನೋಡಿದಾಗ ಅವರಿಗೇ ಉಸಿರು ನಿಂತ ಹಾಗಾಯಿತು. ಅದು ಚೆನ್ನಾಗಿತ್ತು. ಈ ಕಥೆ ಹೇಳುತ್ತಿರುವವನಿಗೆ ಗಂಗಾಧರಯ್ಯನವರನ್ನು ತಮಾಷೆ ಮಾಡುವ ಚಟವಿದ್ದರೂ ಇದನ್ನು ಒಪ್ಪಲೇಬೇಕು, ಅದು ನಿಜವಾಗಿ ಬಹಳ ಚೆನ್ನಾಗಿತ್ತು.

ಇನ್ನೂರು ಜನ ಬಂದರು. ದಂಪತಿಗಳಿಗೆ ಅಕ್ಷತೆ ಹಾಕಲು ವೇದಿಕೆ ಹತ್ತಿದವರು ಮಧ್ಯದ ಟೇಬಲ್ಲನ್ನು ಬಳಸಿಕೊಂಡು, ಗೋಡೆಗೆ ಬೆನ್ನು ಉಜ್ಜಿಕೊಂಡು ಹೋಗುತ್ತಿದ್ದರು. ಪುರೋಹಿತರು ತಮ್ಮ ಮಣೆಯನ್ನು ಎರಡು ಸಲ ಹಿಂದಕ್ಕೆ ಎಳೆದುಕೊಂಡರು. ಫೋಟೋ ತೆಗೆಯುವವನು ಯಾವ ಚಿತ್ರದಲ್ಲೂ ತಾವರೆ ಬರದಂತೆ ಬಹಳ ಕಷ್ಟಪಟ್ಟ. ಗಂಗಾಧರಯ್ಯನವರು ಮೊದಲ ಸಾಲಿನಲ್ಲಿ ಕೂತಿದ್ದರು. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿ ಇದ್ದವು.

ಪದ್ಮನಾಭ ಮೈಕು ಹಿಡಿದರು. ಗಂಗಾಧರಯ್ಯನವರು ಕುರ್ಚಿಯ ತುದಿಗೆ ಬಂದರು. ಪದ್ಮನಾಭ ಅಡುಗೆಯವರನ್ನು ನೆನೆದರು, ವಾಲಗದವರನ್ನು ನೆನೆದರು, ಪಾರ್ಕಿಂಗ್ ನೋಡಿಕೊಂಡ ಸೆಕ್ಯುರಿಟಿಯನ್ನೂ ನೆನೆದರು. ಹೂವಿನ ಮಾತು ಬರುವಲ್ಲಿ ಕಣ್ಣನ್ನು ಚಾವಣಿಗೆ ನೆಟ್ಟು, ಕೆಮ್ಮಿ, "ಎಲ್ಲರೂ ಊಟ ಮಾಡ್ಕೊಂಡೇ ಹೋಗಬೇಕು" ಎಂದು ಮುಗಿಸಿದರು.

ಗಂಗಾಧರಯ್ಯನವರಿಗೆ ಊಟ ಸೇರಲಿಲ್ಲ. ಕೈ ತೊಳೆಯುವ ಜಾಗದಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ಪದ್ಮನಾಭ. ರೇಷ್ಮೆ ಪಂಚೆ, ಕೊರಳಲ್ಲಿ ಹಾರ, ಮುಖದಲ್ಲಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಾಣದಿದ್ದ ವಿನಯ.

"ಗಂಗಾಧರಯ್ಯನೋರೇ, ಒಂದು ಮಾತು. ಮನೆಯವರಿಗೆ ಗೊತ್ತಾಗೋದು ಬೇಡ. ಬಿನ್ನಿಪೇಟೇಲಿ ನನ್ನದೊಂದು ಮನೆ ಇದೆಯಲ್ಲ, ಅದರಲ್ಲಿರೋ ಬಾಡಿಗೆಯವನು ನಾಲ್ಕು ವರ್ಷದಿಂದ ಖಾಲಿ ಮಾಡ್ತಾ ಇಲ್ಲ. ಕೋರ್ಟಿಗೂ ಹೋದೆ, ಆಗ್ಲಿಲ್ಲ. ನೀವು ಒಂದೇ ಒಂದು ಮಾಡಿ ಅವನ ಬಾಗಿಲಿಗೆ ಇಟ್ಬಿಟ್ರೆ. ದೊಡ್ಡದೇನೂ ಬೇಡ. ಚಿಕ್ಕದು."

ಮೂವತ್ತು ವರ್ಷದಿಂದ ಕಾದಿದ್ದ ಗಳಿಗೆ ಎದುರಿಗೆ ಕೈ ಮುಗಿದು ನಿಂತಿತ್ತು. ಗಂಗಾಧರಯ್ಯನವರು ಒದ್ದೆ ಕೈಯನ್ನು ನಿಧಾನವಾಗಿ ಒರೆಸಿಕೊಂಡರು.

"ಅದಿರ್ಲಿ. ಮೊದ್ಲು ಇದನ್ನ ಹೇಳಿ. ವೇದಿಕೆ ಮೇಲೆ ಹೂವು ಹೇಗಿತ್ತು?"

"ನಾನು ಅದರ ಕಡೆ ನೋಡೇ ಇಲ್ಲ, ದೇವರಾಣೆ" ಎಂದರು ಪದ್ಮನಾಭ. "ನೋಡಬಾರದು ಅಂತ ಹೇಳಿದ್ರು."

ಗಂಗಾಧರಯ್ಯನವರು ಷಡ್ಡಕನ ಮಣಿಕಟ್ಟು ಹಿಡಿದುಕೊಂಡು ವೇದಿಕೆಯ ಕಡೆ ಹೊರಟರು. ಜನ ಊಟದ ಹಾಲಿನಲ್ಲಿದ್ದರು, ವೇದಿಕೆಯ ಬಳಿ ಯಾರೂ ಇರಲಿಲ್ಲ. ಪದ್ಮನಾಭ ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದರು. ಟೇಬಲ್ಲಿನ ಮುಂದೆ ನಿಲ್ಲಿಸಿ ಗಂಗಾಧರಯ್ಯನವರು ಹೇಳಿದರು: "ಕಣ್ಣು ಬಿಡಿ. ಏನೂ ಆಗಲ್ಲ. ನಾನು ಪಕ್ಕದಲ್ಲೇ ಇದೀನಿ. ನಡುವೆ ಖಾಲಿ ಜಾಗ ಇದೆಯಲ್ಲ, ಅದನ್ನ ನೋಡಿ."

ತಾವರೆ ಬೆಳಗ್ಗೆಗಿಂತ ಸ್ವಲ್ಪ ಅರಳಿತ್ತು. ಪದ್ಮನಾಭ ಒಂದು ಕಣ್ಣು ತೆರೆದರು. ಕೊಂಬೆಯನ್ನು ನೋಡಿದರು, ಕಡ್ಡಿಗಳನ್ನು ನೋಡಿದರು, ತಟ್ಟೆಯ ನೀರನ್ನು ನೋಡಿದರು. ಅವರ ಮುಖದ ಭಯ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ ಬಂತು. ಹುಬ್ಬು ಮೇಲೇರಿತು. ತುಟಿಯ ತುದಿಯಲ್ಲಿ ಗೃಹಪ್ರವೇಶದ ದಿನದ ಆ ನಗು ಮೂಡತೊಡಗಿತು.

"ಇಷ್ಟೇನಾ?" ಎಂದರು.

ಗಂಗಾಧರಯ್ಯನವರು ಹೂವನ್ನೊಮ್ಮೆ ನೋಡಿದರು, ಷಡ್ಡಕನನ್ನೊಮ್ಮೆ ನೋಡಿದರು. ಟೇಬಲ್ಲಿನ ಮೇಲೆ ಬಿದ್ದಿದ್ದ ಒಂದು ಒಣ ಕಡ್ಡಿಯನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ಪದ್ಮನಾಭರನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ಅಳೆದು, ತಗ್ಗಿದ ದನಿಯಲ್ಲಿ ಕೇಳಿದರು: "ಬಿನ್ನಿಪೇಟೆ ಮನೆ ಬಾಗಿಲು ಯಾವ ದಿಕ್ಕಿಗಿದೆ?"

"ಪೂರ್ವಕ್ಕೆ" ಎಂದರು ಪದ್ಮನಾಭ, ತೆರೆದಿದ್ದ ಆ ಒಂದು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು.